ಕಂಪ್ಯೂಟರ್ ನಿಮ್ಮಿಂದ ಕಲಿಯುತ್ತಿದೆಯೋ, ನಿಮ್ಮ ಬಟನ್ ಕದ್ದು ನೋಡುತ್ತಿದೆಯೋ?

ಪ್ರಶ್ನೆ: ನಾನು ಟೆಕ್ಕೆನ್ 3 ಅನ್ನುವ ಫೈಟಿಂಗ್ ವಿಡಿಯೋ ಗೇಮಿನ ಕಾಲದಿಂದಲೂ ಎಡ್ಡಿ ಗೋರ್ಡೊ ಪಾತ್ರ ಹಿಡಿದುಕೊಂಡೇ ಆಡುವವನು. ಈಗ ಟೆಕ್ಕೆನ್ 8 ತಗೊಂಡಿದ್ದೇನೆ. ಆಗಲೂ ಈಗಲೂ ಒಂದೇ ಅನುಮಾನ. ಒಂದು ಕಿಕ್ ನಾಲ್ಕೈದು ಸಲ ಚೆನ್ನಾಗಿ ಬೀಳುತ್ತದೆ, ಆಮೇಲೆ ಕಂಪ್ಯೂಟರ್ ಅದನ್ನು ಬ್ಲಾಕ್ ಮಾಡೋಕೆ ಶುರು ಮಾಡುತ್ತದೆ. ನನ್ನ ಆಟ ನೋಡಿ ಕಲಿಯುತ್ತದೆ ಅಂತ ನಾನು. "ಕಲಿಯೋದೂ ಇಲ್ಲ, ಏನೂ ಇಲ್ಲ, ನೀನು ಒತ್ತೋ ಬಟನ್ ನೋಡ್ಕೊಂಡು ಆಡುತ್ತೆ" ಅಂತ ನನ್ನ ತಮ್ಮ. ಯಾರು ಸರಿ?

ಉತ್ತರ: ಹಳೆಯ ಆರ್ಕೇಡ್ (ನಾಣ್ಯ ಹಾಕಿ ಆಡುವ ಗೇಮ್ ಮಷಿನ್) ಕಾಲದ ಗೇಮ್‌ಗಳ ಮಟ್ಟಿಗೆ ನಿಮ್ಮ ತಮ್ಮನ ಮಾತೇ ನಿಜಕ್ಕೆ ಹತ್ತಿರ. ಟೆಕ್ಕೆನ್ 8ರ ಒಂದು ಮೋಡ್‌ನಲ್ಲಿ ಮಾತ್ರ ನೀವು ಸರಿ. ಅಲ್ಲಿ ಕಂಪ್ಯೂಟರ್ ನಿಜವಾಗಿಯೂ ನಿಮ್ಮ ಆಟ ನೋಡಿ ಕಲಿಯುತ್ತದೆ. ಆದರೆ ನೀವು ಅಂದುಕೊಂಡದ್ದನ್ನಲ್ಲ. ನಿಮ್ಮನ್ನು ಹೇಗೆ ಸೋಲಿಸಬೇಕು ಅಂತ ಅದು ಕಲಿಯುವುದಿಲ್ಲ, ನಿಮ್ಮ ಹಾಗೆ ಹೇಗೆ ಆಡಬೇಕು ಅಂತ ಕಲಿಯುತ್ತದೆ. ಈ ಎರಡರ ಮಧ್ಯೆ ಇರುವ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ತಮ್ಮನ ಮಾತು. ಟೆಕ್ಕೆನ್ ಆಗಲಿ, ಸ್ಟ್ರೀಟ್ ಫೈಟರ್ ಆಗಲಿ, ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರದ ಲೆಕ್ಕದಲ್ಲಿ ಓಡುತ್ತದೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಟೆಕ್ಕೆನ್‌ನಲ್ಲಿ ಸಾಮಾನ್ಯ ಜ್ಯಾಬ್ (ಚುರುಕಾದ ಸಣ್ಣ ಗುದ್ದು) 10ನೇ ಫ್ರೇಮಿಗೆ ತಾಗುತ್ತದೆ, ಅಂದರೆ ಬಟನ್ ಒತ್ತಿದ 167 ಮಿಲಿಸೆಕೆಂಡಿನೊಳಗೆ. ಮನುಷ್ಯನಿಗೆ ಕಣ್ಣಲ್ಲಿ ಕಂಡು, ತಲೆಗೆ ಹೋಗಿ, ಬೆರಳು ಆಡಲು 200ರಿಂದ 250 ಮಿಲಿಸೆಕೆಂಡ್ ಬೇಕು. 12ರಿಂದ 15 ಫ್ರೇಮ್ ಅಂತ ಇಟ್ಟುಕೊಳ್ಳಿ. ಹಾಗಾಗಿ ಎಂಥ ಚಾಂಪಿಯನ್ ಆದರೂ ಜ್ಯಾಬನ್ನು ನೋಡಿ ಬ್ಲಾಕ್ ಮಾಡುವುದಿಲ್ಲ. ಈಗ ಬರುತ್ತದೆ ಅಂತ ಊಹೆ ಮಾಡಿ ಮೊದಲೇ ಬ್ಲಾಕ್ ಹಿಡಿದಿರುತ್ತಾನೆ, ಅಷ್ಟೇ.

ಕಂಪ್ಯೂಟರಿಗೆ ಈ ಕಷ್ಟ ಇಲ್ಲ. ನೀವು ಬಟನ್ ಒತ್ತಿದ್ದು ಗೇಮಿನ ಮೆಮೊರಿಗೆ ಹೋಗುತ್ತದೆ, ಎದುರಾಳಿಯನ್ನು ಆಡಿಸುವ ಕೋಡ್ ಕೂಡ ಅದೇ ಗೇಮಿನೊಳಗೇ ಇದೆ. ನಿಮ್ಮ ಪಾತ್ರ ಕಾಲು ಎತ್ತುವ ಮೊದಲೇ, ಅದೇ ಫ್ರೇಮಿನಲ್ಲೇ, ಅದು "ಓ, ಕಿಕ್ ಬರ್ತಿದೆ" ಅಂತ ತಿಳಿದುಕೊಳ್ಳಬಹುದು. ಎದುರಿಗೆ ಕೂತವನ ಇಸ್ಪೀಟು ಎಲೆಗಳು ಕಾಣುತ್ತಿದ್ದರೆ ರಮ್ಮಿ ಆಡೋಕೆ ಬುದ್ಧಿ ಯಾಕೆ ಬೇಕು, ಅಲ್ವಾ? ಆಡುವವರ ಬಾಯಲ್ಲಿ ಇದಕ್ಕೆ ಇನ್‌ಪುಟ್ ರೀಡಿಂಗ್ ಅನ್ನುತ್ತಾರೆ. 1993ರ ಮಾರ್ಟಲ್ ಕಾಂಬ್ಯಾಟ್ 2 ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಹತ್ತಿರ ಹೋದರೆ ಎತ್ತಿ ಒಗೆಯುತ್ತಿತ್ತು, ನೀವು ಥ್ರೋ ಮಾಡಲು, ಅಂದರೆ ಅದನ್ನು ಹಿಡಿದು ಎಸೆಯಲು ಹೋದರೆ ತಿರುಗಿ ನಿಮ್ಮನ್ನೇ ಒಗೆಯುತ್ತಿತ್ತು, ಹಾರಿದರೆ ಗಾಳಿಯಲ್ಲೇ ಹೊಡೆಯುತ್ತಿತ್ತು.

1991ರ ಸ್ಟ್ರೀಟ್ ಫೈಟರ್ 2ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಗೈಲ್ ಪಾತ್ರ ನೆನಪಿದೆಯಾ? ಅವನ ಫ್ಲ್ಯಾಶ್ ಕಿಕ್ ಹೊಡೆಯಬೇಕಾದರೆ ನಾವು ಜಾಯ್‌ಸ್ಟಿಕ್ಕನ್ನು ಕೆಳಗೆ ಎಳೆದು ಸ್ವಲ್ಪ ಹೊತ್ತು ಹಿಡಿದಿರಬೇಕು, ಆಮೇಲೆ ಮೇಲೆ ತಳ್ಳಿ ಕಿಕ್ ಒತ್ತಬೇಕು. ಕಂಪ್ಯೂಟರ್ ಆಡಿಸುವ ಗೈಲ್ ಮಾತ್ರ ಆರಾಮಾಗಿ ಮುಂದೆ ನಡೆದುಕೊಂಡು ಬಂದು, ಯಾವುದನ್ನೂ ಹಿಡಿದುಕೊಳ್ಳದೆ, ಇದ್ದಕ್ಕಿದ್ದಂತೆ ಆ ಕಿಕ್ ಹೊಡೆಯುತ್ತಾನೆ. ಯಾಕೆಂದರೆ ಕಂಪ್ಯೂಟರ್ ಜಾಯ್‌ಸ್ಟಿಕ್ ಆಡಿಸುತ್ತಿಲ್ಲ. "ಈಗ ಈ ಮೂವ್ ಮಾಡು" ಅಂತ ನೇರವಾಗಿ ಆರ್ಡರ್ ಕೊಡುತ್ತದೆ. ಒಳಗಿರುವುದು ಮೊದಲೇ ಬರೆದಿಟ್ಟ ಸಣ್ಣ ಸಣ್ಣ ಸ್ಕ್ರಿಪ್ಟ್‌ಗಳು. ಎದುರಾಳಿ ಇಷ್ಟು ದೂರ ಇದ್ದರೆ ಇದು, ಫೈರ್‌ಬಾಲ್ ಬಂದರೆ ಅದು, ಏನೂ ಆಗದಿದ್ದರೆ ಲಾಟರಿ ಎತ್ತಿದ ಹಾಗೆ ಇವುಗಳಲ್ಲಿ ಒಂದು.

ಇಲ್ಲಿ ಕಲಿಕೆ ಎಲ್ಲೂ ಇಲ್ಲ. ಇಷ್ಟು ನೋಡಲು ಗೊತ್ತಿರುವ ಯಂತ್ರ ಯಾಕೆ ಒಮ್ಮೊಮ್ಮೆ ಸೋಲುತ್ತದೆ ಅಂದರೆ, ಬೇಕಂತಲೇ ಸೋಲಿಸುತ್ತಾರೆ. ನೂರಕ್ಕೆ ನೂರು ಸಲ ಬ್ಲಾಕ್ ಮಾಡುವ ಎದುರಾಳಿಯನ್ನು ಬರೆಯುವುದು ಪ್ರೋಗ್ರಾಮರ್‌ಗೆ ಒಂದು ಮಧ್ಯಾಹ್ನದ ಕೆಲಸ. ಕಷ್ಟ ಇರುವುದು ನಂಬುವ ಹಾಗೆ ತಪ್ಪು ಮಾಡಿಸುವುದರಲ್ಲಿ. ಈಸಿ ಲೆವೆಲ್ ಅಂದರೆ ನೋಡಿದರೂ ನೋಡದ ಹಾಗೆ ಇರು ಅಂತ, ಹಾರ್ಡ್ ಲೆವೆಲ್ ಅಂದರೆ ನೋಡಿದ್ದಕ್ಕೆಲ್ಲ ಉತ್ತರ ಕೊಡು ಅಂತ. ಆರ್ಕೇಡ್ ಕಾಲದಲ್ಲಿ ಇದರ ಹಿಂದೆ ದುಡ್ಡಿನ ಲೆಕ್ಕವೂ ಇತ್ತು. ನೀವು ಸೋತರೆ ತಾನೇ ಇನ್ನೊಂದು ನಾಣ್ಯ ಹಾಕುವುದು. ಹಾಗಂತ ಮೊದಲನೇ ರೌಂಡಿಗೇ ಹೊಡೆದು ಕಳಿಸಿದರೆ ಮತ್ತೆ ಆ ಮಷಿನ್ ಹತ್ತಿರ ಬರುವುದಿಲ್ಲ. ಈ ಎರಡರ ನಡುವೆ ಎಲ್ಲೋ ಹದ ಹಿಡಿಯುತ್ತಿದ್ದರು.

ಹಾಗಾದರೆ ನಿಮಗೆ "ನಾಲ್ಕೈದು ಸಲ ಆದಮೇಲೆ ಬ್ಲಾಕ್ ಮಾಡುತ್ತೆ" ಅಂತ ಯಾಕೆ ಅನ್ನಿಸುತ್ತದೆ? ನೀವು ಸುಳ್ಳು ಹೇಳುತ್ತಿದ್ದೀರಿ ಅನ್ನುತ್ತಿಲ್ಲ. ಕಾರಣಗಳು ಹಲವು ಇರಬಹುದು. ಆರ್ಕೇಡ್ ಮೋಡ್‌ನಲ್ಲಿ ಒಂದೊಂದು ಸ್ಟೇಜ್ ದಾಟಿದ ಹಾಗೆ ಎದುರಾಳಿ ಗಟ್ಟಿಯಾಗುತ್ತಾ ಹೋಗುತ್ತಾನೆ. ಎರಡನೇ ಸ್ಟೇಜ್‌ನಲ್ಲಿ ಬಿದ್ದ ಕಿಕ್ ಆರನೇ ಸ್ಟೇಜ್‌ನಲ್ಲಿ ಬೀಳದೆ ಇರುವುದಕ್ಕೆ ಕಲಿಕೆ ಬೇಕಿಲ್ಲ. ಇನ್ನೊಂದು, ಒಂದು ಕಿಕ್ ಬ್ಲಾಕ್ ಆದರೆ ಅದರ ಬೆನ್ನಿಗೇ ಬರುವ ಕಿಕ್‌ಗಳೂ ಬ್ಲಾಕ್ ಆಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಎದುರಾಳಿ ಆಗಲೇ ಬ್ಲಾಕ್ ಹಿಡಿದು ಕೂತಿರುತ್ತಾನೆ. ಎಡ್ಡಿ ಆಡುವವರು ಕಿಕ್ ಬಟನ್ ಎರಡನ್ನೂ ಬಿಡದೆ ಕುಟ್ಟುತ್ತಾರಲ್ಲ (ಸಿಟ್ಟಾಗಬೇಡಿ, ಎಲ್ಲರೂ ಅಲ್ಲ), ಅವರಿಗೆ ಇದು ಸಾಲು ಸಾಲಾಗಿ ಕಾಣುತ್ತದೆ. ಇವೆಲ್ಲದರ ಜೊತೆಗೆ ನಮ್ಮ ನೆನಪಿನ ಚಾಳಿಯೂ ಇದೆ. ಬಿದ್ದ ಕಿಕ್ ಮರೆತುಹೋಗುತ್ತದೆ, ತಡೆದದ್ದು ಮನಸ್ಸಿಗೆ ಚುಚ್ಚುತ್ತದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿ ವಾದ ಮಾಡುತ್ತೇನೆ. ಆಟ ನಡೆಯುತ್ತಿರುವಾಗಲೇ ಕಲಿಯುವ ಯಂತ್ರ ಮಾಡುವುದು ಏನೂ ದೊಡ್ಡ ವಿಷಯವಲ್ಲ. ವಿಡಿಯೋ ಗೇಮ್ ಅನ್ನುವ ವ್ಯಾಪಾರ ಹುಟ್ಟುವ ಮೊದಲೇ ಮಾಡಿದ್ದಾರೆ. 1953ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶ್ಯಾನನ್, ಅದೇ ಇನ್ಫರ್ಮೇಷನ್ ಥಿಯರಿಯ ಶ್ಯಾನನ್, ಮನಸ್ಸು ಓದುವ ಯಂತ್ರ ಅಂತ ತಮಾಷೆಗೆ ಹೆಸರಿಟ್ಟು ಒಂದು ಪೆಟ್ಟಿಗೆಯ ಬಗ್ಗೆ ಬರೆದಿದ್ದರು. ಆಟ ಇಷ್ಟೇ. ನೀವು ಎಡ ಅಥವಾ ಬಲ ಆರಿಸಬೇಕು, ಯಂತ್ರ ಅದನ್ನು ಮೊದಲೇ ಊಹಿಸಬೇಕು. ಯಂತ್ರ ನೆನಪಿಟ್ಟುಕೊಳ್ಳುತ್ತಿದ್ದದ್ದು ಕೇವಲ 8 ಸನ್ನಿವೇಶ. ಹಿಂದಿನ ಸಲ ಗೆದ್ದಿರೋ ಸೋತಿರೋ, ಆಮೇಲೆ ಅದೇ ಕಡೆ ಆಡಿದಿರೋ ಬದಲಾಯಿಸಿದಿರೋ, ಆಗ ಗೆದ್ದಿರೋ ಸೋತಿರೋ. ಎರಡರಂತೆ ಮೂರು ಸಲ ಗುಣಿಸಿದರೆ ಎಂಟು. ಒಂದೊಂದು ಸನ್ನಿವೇಶದಲ್ಲೂ ಕೊನೆಯ ಎರಡು ಸಲ ನೀವು ಏನು ಮಾಡಿದಿರಿ ಅಂತ ಬರೆದಿಟ್ಟುಕೊಳ್ಳುತ್ತಿತ್ತು. ಎರಡು ಸಲವೂ ಒಂದೇ ಮಾಡಿದ್ದರೆ ಮೂರನೇ ಸಲವೂ ಅದನ್ನೇ ಮಾಡುತ್ತೀರಿ ಅಂತ ಊಹೆ. ಇಲ್ಲದಿದ್ದರೆ ಸುಮ್ನೆ ಯಾವುದೋ ಒಂದು. ಇಷ್ಟರಲ್ಲೇ ಅದು ಬಹಳ ಜನರನ್ನು ಸೋಲಿಸುತ್ತಿತ್ತು. ಯಾಕೆಂದರೆ ನಾವು "ಸುಮ್ನೆ ಯಾವುದೋ ಒಂದು" ಆಡುತ್ತಿದ್ದೇವೆ ಅಂದುಕೊಂಡರೂ ಆಡುವುದಿಲ್ಲ, ಸೋತ ಕೂಡಲೇ ಬದಲಾಯಿಸುವುದು, ಎರಡು ಸಲ ಗೆದ್ದರೆ ಅಲ್ಲೇ ಅಂಟಿಕೊಳ್ಳುವುದು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಚಾಳಿ ಇರುತ್ತದೆ. ಬೆಲ್ ಲ್ಯಾಬ್ಸ್‌ನಲ್ಲೇ ಕೆಲಸ ಮಾಡುತ್ತಿದ್ದ ಹೇಗೆಲ್‌ಬಾರ್ಗರ್ ಅನ್ನುವವರು ಇದಕ್ಕಿಂತ ಮೊದಲೇ ಇಂಥದ್ದೇ ಒಂದು ದೊಡ್ಡ ಯಂತ್ರ ಮಾಡಿದ್ದರು. ಎರಡನ್ನೂ ಎದುರುಬದುರು ಇಟ್ಟು, ಮಧ್ಯೆ ಅಂಪೈರ್ ಆಗಿ ಮೂರನೆಯದೊಂದು ಯಂತ್ರ ಇಟ್ಟು ಆಡಿಸಿದಾಗ ಗೆದ್ದದ್ದು ಶ್ಯಾನನ್‌ರ ಸಣ್ಣ ಯಂತ್ರ.

ಇದನ್ನೇ ಫೈಟಿಂಗ್ ಗೇಮಿಗೆ ತನ್ನಿ. ನೀವು ಎರಡು ಜ್ಯಾಬ್ ಹೊಡೆದ ಮೇಲೆ ಏನು ಮಾಡುತ್ತೀರಿ ಅಂತ ಕಂಪ್ಯೂಟರ್ ಎಣಿಸುತ್ತಾ ಹೋಗಲಿ. ಹತ್ತು ಸಲದಲ್ಲಿ ಏಳು ಸಲ ಲೋ ಕಿಕ್, ಎರಡು ಸಲ ಥ್ರೋ, ಒಂದು ಸಲ ಹಿಂದೆ ಸರಿದಿರಿ ಅಂತ ಇಟ್ಟುಕೊಳ್ಳಿ. ಹನ್ನೊಂದನೇ ಸಲ ಎರಡು ಜ್ಯಾಬ್ ಬಂದ ಕೂಡಲೇ ಅದು ಕೂತು ಬ್ಲಾಕ್ ಮಾಡುತ್ತದೆ. ಗೇಮ್ ಪ್ರೋಗ್ರಾಮಿಂಗ್ ಕಲಿಸುವವರು ಇದನ್ನು ಎನ್-ಗ್ರಾಮ್ ಅನ್ನುತ್ತಾರೆ, ಉದಾಹರಣೆ ಕೊಡುವುದೂ ಸಾಮಾನ್ಯವಾಗಿ ಫೈಟಿಂಗ್ ಗೇಮಿನದ್ದೇ. ಕೋಡ್ ಬರೆದರೆ ಒಂದೆರಡು ಪುಟ. ಮೆಮೊರಿ ಲೆಕ್ಕಕ್ಕೇ ಇಲ್ಲ.

ಮತ್ತೆ ಎಲ್ಲ ಗೇಮ್‌ನಲ್ಲೂ ಇದು ಯಾಕಿಲ್ಲ? ಹಾಕಿ ಆಡಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಟೆಕ್ಕೆನ್‌ನ ಲೆಕ್ಕ ನಿಮಗೆ ಗೊತ್ತೇ ಇದೆ. ಮೇಲಿನ ಹೊಡೆತ ಹೈ, ನಡುವಿನದು ಮಿಡ್, ಕೆಳಗಿನದು ಲೋ. ನಿಂತು ಬ್ಲಾಕ್ ಮಾಡಿದರೆ ಹೈ, ಮಿಡ್ ಎರಡೂ ತಡೆಯುತ್ತದೆ, ಲೋ ತಾಗುತ್ತದೆ. ಕೂತು ಬ್ಲಾಕ್ ಮಾಡಿದರೆ ಲೋ ತಡೆಯುತ್ತದೆ, ಮಿಡ್ ಬಂದು ಮುಖಕ್ಕೇ ಬೀಳುತ್ತದೆ. ಈಗ ಮೊದಲ ರೌಂಡಿಡೀ ನಾನು ಬೇಕಂತಲೇ ಎರಡು ಜ್ಯಾಬ್ ಆದಮೇಲೆ ಲೋ ಕಿಕ್ ಹೊಡೆಯುತ್ತೇನೆ. ಅದರಿಂದ ಆಗುವ ನಷ್ಟ ಸ್ವಲ್ಪವೇ. ಕಂಪ್ಯೂಟರ್ ಶ್ರದ್ಧೆಯಿಂದ ಕಲಿತು ಕೂರಲು ಶುರು ಮಾಡುತ್ತದೆ. ಎರಡನೇ ರೌಂಡಿನಲ್ಲಿ ಎರಡು ಜ್ಯಾಬ್ ಹೊಡೆದು, ಅದು ಕೂತ ಕೂಡಲೇ, ಮೇಲೆತ್ತಿ ಹಾರಿಸುವ ಮಿಡ್ ಮೂವ್ ಹೊಡೆಯುತ್ತೇನೆ, ಗಾಳಿಯಲ್ಲೇ ಪೂರ್ತಿ ಕಾಂಬೋ, ಅಂದರೆ ಒಂದರ ಹಿಂದೊಂದು ಹೊಡೆತಗಳ ಸಾಲು, ಹಾಕುತ್ತೇನೆ. ಅದರ ಎಣಿಕೆಯಲ್ಲಿ ಇನ್ನೂ ಲೋ ಕಿಕ್ಕೇ ಜಾಸ್ತಿ ಇರುವುದರಿಂದ ಮತ್ತೆ ಕೂರುತ್ತದೆ, ಮತ್ತೆ ಹಾರುತ್ತದೆ. ಏನೂ ಕಲಿಯದ, ಕಣ್ಣು ಮುಚ್ಚಿಕೊಂಡು ಊಹೆ ಮಾಡುವ ಎದುರಾಳಿಯನ್ನು ಹೀಗೆ ಯಾಮಾರಿಸಲು ಆಗುವುದಿಲ್ಲ, ಕಲಿಯುವವನನ್ನೇ ಯಾಮಾರಿಸುವುದು ಸುಲಭ. ಮನುಷ್ಯರ ಮಧ್ಯೆ ಇದು ನಿತ್ಯ ನಡೆಯುವ ವಿದ್ಯೆ, ಕಂಡೀಷನಿಂಗ್ ಅನ್ನುತ್ತಾರೆ. ಆದರೆ ಮನುಷ್ಯ ಎರಡು ಸಲ ಪೆಟ್ಟು ತಿಂದ ಮೇಲೆ "ಓಹೋ, ಇವನು ನನಗೆ ಬಲೆ ಹಾಕಿದ್ದ" ಅಂತ ಹಿಂದಿನದೆಲ್ಲ ಒಂದೇಟಿಗೆ ಅಳಿಸಿ ಹಾಕಿಬಿಡುತ್ತಾನೆ. ಎಣಿಕೆಯ ಯಂತ್ರಕ್ಕೆ ಆ ಸಿಟ್ಟು ಬರುವುದಿಲ್ಲ. ಹೊಸದಕ್ಕೆ ತೂಕ ಜಾಸ್ತಿ ಕೊಡು ಅಂತ ಬರೆಯಬಹುದು, ಆದರೆ ಆಗ ಎರಡೇ ಸಲದಲ್ಲಿ ಅದರ ಮನಸ್ಸು ಬದಲಾಯಿಸಬಹುದು. ಬಲೆ ಹಾಕುವುದು ಇನ್ನೂ ಸುಲಭವಾಯಿತು.

ಹಾಗಾಗಿ ಕಂಪನಿಗಳು ಬೇರೆ ದಾರಿ ಹಿಡಿದವು. ನಿಮ್ಮನ್ನು ಸೋಲಿಸುವ ಪಾಠ ಬಿಟ್ಟು, ನಿಮ್ಮನ್ನು ನಕಲು ಮಾಡುವ ಪಾಠ. 2001ರಲ್ಲಿ ಬಂದ ಸೆಗಾದ ವರ್ಚುವಾ ಫೈಟರ್ 4 ಇದರಲ್ಲಿ ದೊಡ್ಡ ಹೆಸರು. ಅದರ ಪ್ಲೇಸ್ಟೇಷನ್ 2 ಆವೃತ್ತಿಯಲ್ಲಿ ಒಂದು ಎಐ ಮೋಡ್ ಇತ್ತು. ನೀವು ಒಬ್ಬ ಶಿಷ್ಯನನ್ನು ಸಾಕಬೇಕು. ಅವನ ಜೊತೆ ನೀವೇ ಕಾದಾಡಿ ಕಲಿಸಬಹುದು, ರೀಪ್ಲೇ ತೋರಿಸಿ ಕಲಿಸಬಹುದು. ಆಮೇಲೆ ಅವನ ಆಟ ಹಾಕಿ ನೋಡುತ್ತಾ, ಈ ಮೂವ್ ಚೆನ್ನಾಗಿತ್ತು, ಇದು ಬೇಡ ಅಂತ ಹೊಗಳಬೇಕು, ಬೈಯಬೇಕು. ನಿಧಾನದ ಕೆಲಸ, ಆದರೆ ಮಜಾ ಇತ್ತು. ಅದರ ಮುಂದಿನ ಆವೃತ್ತಿ ಎವಲ್ಯೂಷನ್‌ನಲ್ಲಿ ಜಪಾನಿನ ಆರ್ಕೇಡ್‌ಗಳಲ್ಲಿ ಹೆಸರು ಮಾಡಿದ್ದ ನಿಜವಾದ ಆಟಗಾರರ ಶೈಲಿಯಲ್ಲಿ ಆಡುವ ಎದುರಾಳಿಗಳನ್ನೇ ತುಂಬಿಸಿದ್ದರು. ಟೋಕಿಯೋಗೆ ಹೋಗದೆ ಟೋಕಿಯೋದವರ ಕೈಲಿ ಹೊಡೆಸಿಕೊಳ್ಳಬಹುದಿತ್ತು.

ಟೆಕ್ಕೆನ್‌ನಲ್ಲಿ ಹೀಗೆ ಆಟಗಾರನನ್ನು ನಕಲು ಮಾಡುವ ಎದುರಾಳಿಗೆ ಘೋಸ್ಟ್ ಅನ್ನುತ್ತಾ ಬಂದಿದ್ದಾರೆ. 2013ರ ಕಿಲ್ಲರ್ ಇನ್‌ಸ್ಟಿಂಕ್ಟ್‌ನಲ್ಲಿ ಆಮೇಲೆ ಸೇರಿಸಿದ ಶ್ಯಾಡೋ ಕೂಡ ಇದೇ ಜಾತಿ. ಮೂರು ಮ್ಯಾಚ್ ಆಡಿದರೆ ಸಾಕು, ನಿಮ್ಮ ನೆರಳು ತಯಾರು. ನೀವು ಮಲಗಿದ್ದಾಗ ಬೇರೆಯವರು ಅದರ ಜೊತೆ ಆಡಬಹುದು. ಬರೀ ಮೂರು ಮ್ಯಾಚಿನಿಂದ ಹೇಗೆ ಕಲಿಯುತ್ತದೆ ಅನ್ನುವುದು ಒಳ್ಳೆಯ ಪ್ರಶ್ನೆ. ಇಂಥ ಕಡೆ ನ್ಯೂರಲ್ ನೆಟ್‌ವರ್ಕ್ (ಬಹಳ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಹಾಕಿ ಲಕ್ಷಗಟ್ಟಲೆ ಉದಾಹರಣೆ ಕೊಡಲು ಆಗುವುದಿಲ್ಲ. ಬದಲಿಗೆ ಒಂದೊಂದು ಸನ್ನಿವೇಶವನ್ನೂ ಬರೆದಿಟ್ಟುಕೊಳ್ಳುವುದು. ಇಬ್ಬರ ನಡುವೆ ಇಷ್ಟು ದೂರ, ಎದುರಾಳಿ ಗಾಳಿಯಲ್ಲಿದ್ದಾನೆ, ಇವನ ಲೈಫ್ ಅರ್ಧ ಹೋಗಿದೆ, ಬೆನ್ನ ಹಿಂದೆ ಗೋಡೆ ಇದೆ, ಆಗ ಇವನು ಈ ಮೂವ್ ಮಾಡಿದ. ಮುಂದೆ ಆಡುವಾಗ ಈಗಿನ ಸನ್ನಿವೇಶಕ್ಕೆ ತುಂಬಾ ಹತ್ತಿರವಾದ ಹಳೆಯ ಸನ್ನಿವೇಶ ಹುಡುಕಿ, ಆಗ ನೀವು ಮಾಡಿದ್ದನ್ನೇ ಮಾಡುವುದು. ನೀವು ಮೂರು ಮ್ಯಾಚಿನಲ್ಲಿ ಒಮ್ಮೆಯೂ ಕಾಣದ ಸನ್ನಿವೇಶ ಬಂದರೆ ಅದು ತಬ್ಬಿಬ್ಬಾಗಬೇಕು, ಇಲ್ಲಾ ಪ್ರೋಗ್ರಾಮರ್ ಬರೆದಿಟ್ಟ ಮಾಮೂಲಿ ಆಟಕ್ಕೆ ಇಳಿಯಬೇಕು.

2024ರ ಜನವರಿಯಲ್ಲಿ ಬಂದ ನಿಮ್ಮ ಟೆಕ್ಕೆನ್ 8ರಲ್ಲಿ ಸೂಪರ್ ಘೋಸ್ಟ್ ಬ್ಯಾಟಲ್ ಅಂತ ಇದೆಯಲ್ಲ, ನಿಮ್ಮ ಮಾತು ನಿಜವಾಗುವುದು ಅಲ್ಲಿ. ಅದರಲ್ಲಿ ನಿಮ್ಮ ಘೋಸ್ಟ್ ನೀವು ಆಡುತ್ತಾ ಹೋದ ಹಾಗೆ ಬದಲಾಗುತ್ತದೆ. ಕೆಲವೇ ಮ್ಯಾಚ್ ಆದಮೇಲೆ ನೋಡಿ, ನಿಮ್ಮದೇ ಕಾಂಬೋ, ನೀವು ಹಿಂದೆ ಸರಿಯುವ ರೀತಿ, ಬಿದ್ದು ಏಳುವಾಗ ನೀವು ಒತ್ತುವ ಅದೇ ಕಿಕ್, ಎಲ್ಲ ನಿಮಗೇ ವಾಪಸ್ ಬರುತ್ತದೆ. ಮೊದಲ ಸಲ ನೋಡಿದಾಗ ಸ್ವಲ್ಪ ಮುಜುಗರವೇ ಆಗುತ್ತದೆ. ನಿಮ್ಮ ಕಾಂಬೋ ಎಲ್ಲಿ ಕೈ ತಪ್ಪುತ್ತದೋ ಘೋಸ್ಟ್ ಕೂಡ ಅಲ್ಲೇ ತಪ್ಪಬಹುದು. ಬೇರೆಯವರ ಘೋಸ್ಟ್ ಡೌನ್‌ಲೋಡ್ ಮಾಡಿಕೊಂಡೂ ಆಡಬಹುದು. 2023ರ ಸ್ಟ್ರೀಟ್ ಫೈಟರ್ 6ಕ್ಕೂ ಆಮೇಲೆ ವಿ-ರೈವಲ್ ಅಂತ ಸೇರಿಸಿದರು. ರ‍್ಯಾಂಕ್ ಮ್ಯಾಚ್ ಆಡುವವರ ಆಟದಿಂದ ಕಲಿತ ಎದುರಾಳಿ ಅದು. ಮಾಮೂಲಿ ಲೆವೆಲ್ 8 ಕಂಪ್ಯೂಟರಿಗೂ ಇದಕ್ಕೂ ಆಡಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಇದು ಹೆದರುತ್ತದೆ, ಆತುರ ಪಡುತ್ತದೆ, ಸುಮ್ಮನೆ ಹಾರುತ್ತದೆ.

ಗಮನಿಸಿ, ಇವುಗಳಲ್ಲಿ ಯಾವುದಕ್ಕೂ "ಈ ಎದುರಾಳಿಯನ್ನು ಹೇಗೆ ಹೊಡೆಯಲಿ" ಅನ್ನುವ ಯೋಚನೆ ಇಲ್ಲ. ನಿಮ್ಮ ಘೋಸ್ಟ್ ನಿಮ್ಮ ಎಡ್ಡಿಯ ಕಿಕ್ಕನ್ನು ಬ್ಲಾಕ್ ಮಾಡಿದರೆ, ಅಂಥ ಸಂದರ್ಭದಲ್ಲಿ ನೀವೂ ಬ್ಲಾಕ್ ಮಾಡುತ್ತೀರಿ ಅಂತ ಅರ್ಥ, ನಿಮ್ಮ ಗುಟ್ಟು ಪತ್ತೆ ಹಚ್ಚಿತು ಅಂತ ಅಲ್ಲ. ನೀವು ಕಸ ಆಡಿದರೆ ಅದೂ ಕಸವನ್ನೇ ಕಲಿಯುತ್ತದೆ. ನಿಂಟೆಂಡೊದ ಸ್ಮ್ಯಾಷ್ ಬ್ರದರ್ಸ್‌ನಲ್ಲಿ 2014ರಿಂದ ಅಮೀಬೋ ಅಂತ ಗೊಂಬೆಗಳಿವೆ. ಗೊಂಬೆಯನ್ನು ಕಂಟ್ರೋಲರ್‌ಗೆ ತಾಗಿಸಿದರೆ ಅದರೊಳಗಿನ ಫೈಟರ್ ಆಟಕ್ಕೆ ಇಳಿಯುತ್ತಾನೆ, ನಿಮ್ಮ ಜೊತೆ ಆಡುತ್ತಾ ಲೆವೆಲ್ 50ರವರೆಗೆ ಬೆಳೆಯುತ್ತಾನೆ. 2018ರ ಅಲ್ಟಿಮೇಟ್‌ನಲ್ಲಿ ಅದರ ಕಲಿಕೆಯನ್ನು ಆಫ್ ಮಾಡುವ ಸ್ವಿಚ್ ಕೂಡ ಕೊಟ್ಟಿದ್ದಾರೆ. ಯಾಕೆ ಅಂತ ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೆ ವಿವರಿಸಬೇಕಿಲ್ಲ.

ಹಾಗಾದರೆ ಗೆಲ್ಲುವುದನ್ನೇ ಕಲಿಯುವ ಯಂತ್ರ ಇಲ್ಲವೇ ಇಲ್ಲವಾ? ಇದೆ, ಆದರೆ ಅದು ನಿಮ್ಮ ಮನೆಯಲ್ಲಿ ಕಲಿಯುವುದಿಲ್ಲ. ಲ್ಯಾಬ್‌ನಲ್ಲಿ ಲಕ್ಷಾಂತರ ಸಲ ಆಡಿ ಕಲಿತು ಮುಗಿಸಿರುತ್ತದೆ. ಇದಕ್ಕೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಅನ್ನುತ್ತಾರೆ. ಹೊಡೆದರೆ ಅಂಕ, ಹೊಡೆಸಿಕೊಂಡರೆ ಅಂಕ ಕಡಿತ, ಉಳಿದದ್ದು ನೀನೇ ಕಂಡುಕೋ ಅಂತ ಬಿಡುವುದು. 2004ರಲ್ಲೇ ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ರಿಸರ್ಚ್‌ನವರು ಟಾವೊ ಫೆಂಗ್ ಅನ್ನುವ ಎಕ್ಸ್‌ಬಾಕ್ಸ್ ಫೈಟಿಂಗ್ ಗೇಮಿನಲ್ಲಿ ಇದನ್ನು ಮಾಡಿ ತೋರಿಸಿದ್ದರು. ಅಂಕ ಕೊಡುವ ರೀತಿ ಬದಲಾಯಿಸಿದರೆ ಒಬ್ಬ ಮೇಲೆ ಬಿದ್ದು ಹೊಡೆಯುತ್ತಾನೆ, ಇನ್ನೊಬ್ಬ ಜಗಳದಿಂದ ತಪ್ಪಿಸಿಕೊಂಡು ಓಡಾಡುತ್ತಾನೆ. ಜಪಾನಿನ ರಿಟ್ಸುಮೇಕನ್ ವಿಶ್ವವಿದ್ಯಾಲಯದವರು 2013ರಿಂದ ಫೈಟಿಂಗ್‌ಐಸ್ ಅಂತ ಒಂದು ಸ್ಪರ್ಧೆಯನ್ನೇ ನಡೆಸಿದರು. ಅದರಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟ. ಪ್ರೋಗ್ರಾಮಿಗೆ ಆಟದ ಸ್ಥಿತಿಯನ್ನು 15 ಫ್ರೇಮ್ ತಡವಾಗಿ, ಅಂದರೆ ಕಾಲು ಸೆಕೆಂಡ್ ಹಳೆಯದನ್ನು ಕೊಡುತ್ತಾರೆ. ನಿಮ್ಮ ತಮ್ಮನ ದೂರಿಗೆ ಇದಕ್ಕಿಂತ ನೇರ ಪರಿಹಾರ ಇಲ್ಲ.

ಎಂಐಟಿಯ ವ್ಲಾಡ್ ಫಿರೋಯು ಮತ್ತು ಜೊತೆಗಾರರು 2017ರಲ್ಲಿ ಸ್ಮ್ಯಾಷ್ ಬ್ರದರ್ಸ್ ಮೆಲೀಗೆ ಒಂದು ಬಾಟ್, ಅಂದರೆ ತಾನೇ ಆಡುವ ಪ್ರೋಗ್ರಾಂ ಮಾಡಿದರು, ಹೆಸರು ಫಿಲಿಪ್. ಮೊದಲು ಗೇಮಿನೊಳಗಿನ ಕಂಪ್ಯೂಟರ್ ಜೊತೆ, ಆಮೇಲೆ ತನ್ನ ಜೊತೆ ತಾನೇ ಆಡಿ ಕಲಿತು, ಆಗಿನ ಟಾಪ್ ಆಟಗಾರರನ್ನೇ ಸೋಲಿಸಿತು. ಅದರ ಪ್ರತಿಕ್ರಿಯೆ 2 ಫ್ರೇಮ್, 33 ಮಿಲಿಸೆಕೆಂಡ್. ಆ ವೇಗಕ್ಕೆ ಮನುಷ್ಯ ಏನು ಮಾಡಿಯಾನು? ಆದರೆ ಒಬ್ಬ ಚಾಲಾಕಿ ಆಟಗಾರ ಏನು ಕಂಡುಕೊಂಡ ಗೊತ್ತಾ? ಸ್ಟೇಜಿನ ಅಂಚಿಗೆ ಹೋಗಿ ಸುಮ್ಮನೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅಷ್ಟೇ, ಬೇರೇನೂ ಮಾಡಲಿಲ್ಲ. ಲ್ಯಾಬ್‌ನಲ್ಲಿ ಕಲಿಯುವಾಗ ಹೀಗೆ ಕೂತ ಎದುರಾಳಿಯನ್ನು ಫಿಲಿಪ್ ಬಹುಶಃ ನೋಡಿಯೇ ಇರಲಿಲ್ಲ. ಹೊಡೆಯಲು ಬರದೆ, ಏನೇನೋ ಮಾಡುತ್ತಾ, ಕೊನೆಗೆ ಇನ್ನೊಂದು ಅಂಚಿನಿಂದ ತಾನೇ ಕೆಳಗೆ ಬಿದ್ದು ಸತ್ತಿತು. ಫಿಲಿಪ್ ಮಾಡಿದವರೇ ಇದನ್ನು ತಮ್ಮ ಪ್ರಬಂಧದಲ್ಲಿ ಬರೆದುಕೊಂಡಿದ್ದಾರೆ.

ಕೊರಿಯಾದ ಎನ್‌ಸಿಸಾಫ್ಟ್‌ನವರು ತಮ್ಮ ಬ್ಲೇಡ್ ಆ್ಯಂಡ್ ಸೋಲ್ ಗೇಮಿಗೆ ಮಾಡಿದ್ದು ಇನ್ನೂ ಪಕ್ಕಾ ಕೆಲಸ. ಪ್ರತಿಕ್ರಿಯೆಯ ವೇಗವನ್ನು ಮನುಷ್ಯರ ಮಟ್ಟಕ್ಕೆ ಇಳಿಸಿ, ಮುನ್ನುಗ್ಗುವವನು, ಕಾದು ಹೊಡೆಯುವವನು, ಎರಡರ ನಡುವಿನವನು ಅಂತ ಮೂರು ಸ್ವಭಾವದ ಬಾಟ್‌ಗಳನ್ನು ಒಂದರ ಮೇಲೊಂದು ಬಿಟ್ಟು ಕಲಿಸಿದರು. 2018ರ ವಿಶ್ವ ಚಾಂಪಿಯನ್‌ಶಿಪ್ ವೇದಿಕೆಯಲ್ಲಿ ಪ್ರೊಫೆಷನಲ್ ಆಟಗಾರರ ಎದುರು ಇಳಿಸಿದರು. ಐವರು ಪ್ರೊಗಳ ಎದುರು ಅವುಗಳ ಗೆಲುವು ಶೇ. 62 ಅಂತ ಪ್ರಕಟಿಸಿದ್ದಾರೆ. ವೇಗದ ಮೋಸ ಇಲ್ಲದೆ ಈ ಗೆಲುವು ಬಂದಿದ್ದು ದೊಡ್ಡ ವಿಷಯ. ಆದರೂ ನೆನಪಿಡಿ, ಎದುರಿಗಿದ್ದ ಆಟಗಾರನಿಂದ ಅವು ಆ ಹೊತ್ತಿನಲ್ಲಿ ಏನನ್ನೂ ಕಲಿಯುತ್ತಿರಲಿಲ್ಲ. ಕಲಿಕೆ ಮುಗಿಸಿ, ಬೀಗ ಹಾಕಿ ತಂದ ಯಂತ್ರ ಅದು.

ಇಂಥದ್ದನ್ನು ಅಂಗಡಿಯಲ್ಲಿ ಮಾರುವ ಗೇಮಿಗೆ, ಅದೂ ನಿಮ್ಮ ಮನೆಯಲ್ಲೇ ಕಲಿಯುತ್ತಾ ಹೋಗುವ ಹಾಗೆ ಹಾಕಲು ಕಂಪನಿಗಳು ಹಿಂದೇಟು ಹಾಕುವುದು ಸಹಜ. ಕಲಿತ ಮೇಲೆ ಅದು ಹೇಗೆ ಆಡುತ್ತದೆ ಅಂತ ಟೆಸ್ಟ್ ಮಾಡುವವರಿಗೇ ಗೊತ್ತಿರುವುದಿಲ್ಲ. ಹತ್ತು ಸಾವಿರ ಮನೆಯಲ್ಲಿ ಹತ್ತು ಸಾವಿರ ಥರ ಆಗಿರುತ್ತದೆ. ಗೇಮಿಗೆ ಒಂದು ಪ್ಯಾಚ್ (ಅಪ್‌ಡೇಟ್) ಬಂದು ಒಂದು ಮೂವ್ ಎರಡು ಫ್ರೇಮ್ ನಿಧಾನವಾದರೆ ಕಲಿತದ್ದರಲ್ಲಿ ಅರ್ಧ ಹಾಳು. ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಬೇರೆ, ನನ್ನ ಅಭಿಪ್ರಾಯ ಇದು. ನೀವು ಕಷ್ಟಪಟ್ಟು ಒಂದು ಕಾಂಬೋ ಕಲಿತು ಬಂದ ದಿನವೇ ಎದುರಾಳಿ ಅದಕ್ಕೆ ಮದ್ದು ಕಲಿತಿದ್ದರೆ ನಿಮಗೆ ಮುಂದೆ ಹೋದ ಹಾಗೆ ಅನ್ನಿಸುವುದೇ ಇಲ್ಲ. ಬರೀ ಸೋಲು. ಮನುಷ್ಯ ಹಾಗೆ ಮಾಡಿದರೆ "ಭಲೇ" ಅನ್ನುತ್ತೀರಿ, ಯಂತ್ರ ಮಾಡಿದರೆ ಕಂಟ್ರೋಲರ್ ಎಸೆಯುತ್ತೀರಿ.

ಇಲ್ಲೊಂದು ಮಾತು ಸೇರಿಸಬೇಕು. ಎದುರಾಳಿಯನ್ನು ಓದಿ ಕಲಿಯುವುದರಲ್ಲಿ ಮನುಷ್ಯರನ್ನು ಮೀರಿಸಿದವರಿಲ್ಲ ಅನ್ನುವುದಕ್ಕೆ ಟೆಕ್ಕೆನ್ ಲೋಕದಲ್ಲೇ 2019ರ ಕಥೆ ಇದೆ. ಲಾಹೋರ್‌ನ ಅರ್ಸಲಾನ್ ಆ್ಯಶ್ ಅನ್ನುವ ಹುಡುಗ ಬಂದು ಇವೋ ಜಪಾನ್ ಅನ್ನುವ ಫೈಟಿಂಗ್ ಗೇಮ್ ಪಂದ್ಯಾವಳಿ ಗೆದ್ದ, ಅದೇ ವರ್ಷ ಅಮೆರಿಕದ ಇವೋ ಕೂಡ ಗೆದ್ದ. ಪಾಕಿಸ್ತಾನದ ಆಟಗಾರರ ಆಟವನ್ನು ಹೊರಗಿನವರು ಹೆಚ್ಚು ನೋಡಿಯೇ ಇರಲಿಲ್ಲ. ನಮ್ಮಲ್ಲಿ ನನ್ನಂಥವರು ಇನ್ನೂ ಬೇಕಾದಷ್ಟು ಜನ ಇದ್ದಾರೆ ಅಂತ ಅವನೇ ಹೇಳಿಕೊಂಡಿದ್ದ. ಆಗ 'ನೀ' (Knee) ಅನ್ನುವ ಹೆಸರಿನಲ್ಲಿ ಆಡುವ ಕೊರಿಯಾದ ದಿಗ್ಗಜ, ಸುಮ್ಮನೆ ಮನೆಯಲ್ಲಿ ರೀಪ್ಲೇ ನೋಡುತ್ತಾ ಕೂರದೆ, ವಿಮಾನ ಹತ್ತಿ ಪಾಕಿಸ್ತಾನಕ್ಕೇ ಹೋಗಿ ಅಲ್ಲಿನವರ ಜೊತೆ ಕೂತು ಆಡಿದ. ಈಗಿನ ಯಾವ ಘೋಸ್ಟಿಗೂ "ನನಗೆ ಗೊತ್ತಿಲ್ಲದ್ದು ಅಲ್ಲಿದೆ, ಹೋಗಿ ನೋಡಿ ಬರುತ್ತೇನೆ" ಅನ್ನಿಸುವುದಿಲ್ಲ.

ಇನ್ನು ನೀವು ತಮ್ಮನ ಜೊತೆ ಜಗಳ ಬಗೆಹರಿಸಿಕೊಳ್ಳುವ ವಿಷಯ. ಯಾವ ಗೇಮ್ ಆದರೂ ಸರಿ, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಟನ್ ನೋಡಿ ಆಡುತ್ತದೆಯಾ ಅಂತ ತಿಳಿಯಬೇಕಾದರೆ, ಟ್ರೇನಿಂಗ್ ಮೋಡ್‌ನಲ್ಲಿ ಎದುರಾಳಿಯನ್ನು ಕಂಪ್ಯೂಟರ್ ಆಡುವ ಹಾಗೆ ಇಟ್ಟು, ಲೆವೆಲ್ ತೀರಾ ಮೇಲಕ್ಕೆ ಇಡಿ. ಒಂದೇ ಮೂವನ್ನು ಮತ್ತೆ ಮತ್ತೆ ಹೊಡೆಯಿರಿ. ಫೋನಿನ ಸ್ಲೋ ಮೋಷನ್‌ನಲ್ಲಿ, 240 ಫ್ರೇಮ್ ಇದ್ದರೆ ಒಳ್ಳೆಯದು, ಟಿವಿಯನ್ನು ರೆಕಾರ್ಡ್ ಮಾಡಿ. ಗೇಮಿನ ಒಂದು ಫ್ರೇಮ್ ವಿಡಿಯೋದಲ್ಲಿ ನಾಲ್ಕು ಫ್ರೇಮ್ ಆಗಿ ಕಾಣುತ್ತದೆ. ನಿಮ್ಮ ಪಾತ್ರ ಅಲುಗಾಡಿದ ಮೊದಲ ಚಿತ್ರದಿಂದ ಎದುರಾಳಿ ಪ್ರತಿಕ್ರಿಯೆ ಕೊಟ್ಟ ಮೊದಲ ಚಿತ್ರದವರೆಗೆ ಎಣಿಸಿ, ನಾಲ್ಕರಿಂದ ಭಾಗಿಸಿ. ಮತ್ತೆ ಮತ್ತೆ ಐದು, ಆರು ಫ್ರೇಮಿಗೇ ಉತ್ತರ ಬರುತ್ತಿದ್ದರೆ ನಿಮ್ಮ ತಮ್ಮ ಗೆದ್ದ. ಮನುಷ್ಯನಿಂದ ಅದು ಆಗದ ಕೆಲಸ. ಒಂದೊಂದು ಸಲ ಹಾಗಾದರೆ ಲೆಕ್ಕಕ್ಕೆ ತಗೋಬೇಡಿ, ಅದು ಸುಮ್ಮನೆ ಹಾರಿದ್ದೂ ಇರಬಹುದು. ಸ್ಟ್ರೀಟ್ ಫೈಟರ್ 6 ಇದ್ದರೆ ಡ್ರೈವ್ ಇಂಪ್ಯಾಕ್ಟ್‌ನಲ್ಲಿ ಈ ಪರೀಕ್ಷೆ ಬೇಡ. ಅದು 26 ಫ್ರೇಮಿನ ಮೂವ್, ಮನುಷ್ಯರೇ ನೋಡಿ ತಿರುಗಿಸಿ ಹೊಡೆಯಬಲ್ಲರು, ಏನೂ ಸಾಬೀತಾಗುವುದಿಲ್ಲ.

ಕಲಿಯುತ್ತದೆಯಾ ಅನ್ನುವ ಪರೀಕ್ಷೆಗೆ ತಾಳ್ಮೆ ಬೇಕು. ಗೇಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಆರ್ಕೇಡ್ ಮೋಡ್ ಬೇಡ, ಅಲ್ಲಿ ಕಷ್ಟ ತಾನಾಗೇ ಏರುತ್ತದೆ. ಮಾಮೂಲಿ ವರ್ಸಸ್ ಮೋಡ್‌ನಲ್ಲಿ (ಒಬ್ಬರಿಗೊಬ್ಬರ ಬಿಡಿ ಮ್ಯಾಚ್) ಒಂದೇ ಎದುರಾಳಿ, ಒಂದೇ ಲೆವೆಲ್. ಪ್ರತಿ ಸಲ ಒಂದೇ ದೂರದಿಂದ, ಮಧ್ಯೆ ನಿಲ್ಲಿಸಿ ಉಸಿರು ಬಿಟ್ಟು, ಅದೇ ಒಂದು ಕಿಕ್ ಮಾತ್ರ ಹೊಡೆಯಿರಿ. ಬಿದ್ದದ್ದು, ಬ್ಲಾಕ್ ಆದದ್ದು ಎರಡನ್ನೂ ಚೀಟಿಯಲ್ಲಿ ಗೀಟು ಹಾಕಿ. ನೀವು ಹೊಡೆಯಿರಿ, ಗೀಟು ತಮ್ಮ ಹಾಕಲಿ, ನೀವೇ ಹಾಕಿದರೆ ಅವನು ಒಪ್ಪುವುದಿಲ್ಲ. ಮೊದಲ ಐವತ್ತರಲ್ಲಿ ಎಷ್ಟು ಬ್ಲಾಕ್, ಮುಂದಿನ ಐವತ್ತರಲ್ಲಿ ಎಷ್ಟು ಅಂತ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಕಲಿಕೆ ಇಲ್ಲ. ಎರಡನೆಯದು ತುಂಬಾ ಜಾಸ್ತಿ ಇದ್ದರೆ ಗೇಮ್ ಮುಚ್ಚಿ, ತೆರೆದು, ಇನ್ನೊಂದು ಐವತ್ತು ಹೊಡೆಯಿರಿ. ಮತ್ತೆ ಮೊದಲಿನ ಮಟ್ಟಕ್ಕೆ ಇಳಿದರೆ ಆ ಹೊತ್ತಿಗೆ ಮಾತ್ರ ಎಣಿಸಿಟ್ಟುಕೊಂಡು ಮರೆಯುವ ಜಾತಿ. ಇಳಿಯದಿದ್ದರೆ ಅದು ನಿಮ್ಮ ಸೇವ್ ಫೈಲಿನಲ್ಲಿ ಏನೋ ಬರೆದಿಟ್ಟುಕೊಂಡಿದೆ.

ಸೂಪರ್ ಘೋಸ್ಟ್‌ಗೆ ಈ ಪರೀಕ್ಷೆ ಬೇಕಿಲ್ಲ, ಅಲ್ಲಿ ಬೇರೆ ಕೆಲಸ ಮಾಡಿ. ನಿಮ್ಮ ಎಡ್ಡಿಯ ಘೋಸ್ಟ್ ತಯಾರಾದ ಮೇಲೆ ನೀವು ಆಡಬೇಡಿ, ತಮ್ಮನ ಕೈಗೆ ಕಂಟ್ರೋಲರ್ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಅವನು ಯಾವ ಕಿಕ್ಕನ್ನು ಪ್ರತಿ ಸಲ ಬ್ಲಾಕ್ ಮಾಡಿ ತಿರುಗಿಸಿ ಹೊಡೆಯುತ್ತಾನೋ, ಆನ್‌ಲೈನ್‌ನಲ್ಲಿ ನೀವು ಪೆಟ್ಟು ತಿನ್ನುತ್ತಿರುವುದೂ ಬಹುತೇಕ ಅದೇ ಕಿಕ್ಕಿಗೆ.